ದಿನಕ್ಕೊಂದು ಹೊಸ ಎಳೆ ರಂಗೋಲಿ: ನೋಡಿ ಹಾಕುವುದರಿಂದ ಸ್ವಂತವಾಗಿ ಕಟ್ಟುವವರೆಗೆ

ಧನುರ್ಮಾಸದಲ್ಲಿ ‘ದಿನಕ್ಕೊಂದು ಹೊಸ ರಂಗೋಲಿ’ ಎಂದು ಹುರುಪಿನಿಂದ ಶುರು ಮಾಡಿದವರು ಅನೇಕರು ಸಂಕ್ರಾಂತಿಯ ತನಕವೂ ಬರುವುದಿಲ್ಲ. ಬಂದವರೂ ಕೊನೆಯಲ್ಲಿ ಕೇಳುವುದು ಒಂದೇ: ಇಷ್ಟು ದಿನ ಹಾಕಿದರೂ ಮೊಬೈಲ್ ನೋಡದೆ ಒಂದನ್ನೂ ಸ್ವಂತವಾಗಿ ಹಾಕಲು ಬರುತ್ತಿಲ್ಲವಲ್ಲ, ಯಾಕೆ?

ಸೋಮಾರಿತನವನ್ನು ದೂರಿ ಪ್ರಯೋಜನವಿಲ್ಲ. ದಿನವೂ ಬೆಳಿಗ್ಗೆ ‘ಇವತ್ತು ಯಾವುದು ಹಾಕಲಿ’ ಎಂದು ಹುಡುಕುವುದರಲ್ಲೇ ಇದ್ದ ಸಮಯ ಮುಗಿಯುತ್ತದೆ. ಹುಡುಕಿ ಸಿಕ್ಕಿದ್ದು ಬೇರೆಯವರ ವಿನ್ಯಾಸ. ಅದನ್ನು ನಕಲು ಮಾಡುವಾಗ ಕೈ ಕಲಿಯುತ್ತದೆಯೇ ಹೊರತು ಕಲ್ಪನೆ ಕಲಿಯುವುದಿಲ್ಲ. ಮರುದಿನ ಮತ್ತೆ ಮೊದಲಿನಿಂದ ಹುಡುಕಾಟ.

ಇದಕ್ಕೆ ನಾನು ಕಂಡಿರುವ ಪರಿಹಾರ ಕಟ್ಟುನಿಟ್ಟಾದದ್ದು. ಎಲ್ಲವನ್ನೂ ಮೊದಲೇ ನಿಗದಿ ಮಾಡಿ, ದಿನಕ್ಕೆ ಒಂದೇ ಒಂದು ಅಂಶವನ್ನು ಮಾತ್ರ ಬದಲಿಸಬೇಕು. ಚುಕ್ಕಿಯ ಲೆಕ್ಕ, ಸಮಯ, ಜಾಗ, ಸಾಮಗ್ರಿ ಯಾವುದನ್ನೂ ಆ ದಿನ ಯೋಚಿಸಬೇಕಾಗಿ ಬರಬಾರದು. ಆಗ ಇಡೀ ಗಮನ ಆ ಒಂದು ಬದಲಾವಣೆಯ ಮೇಲೆ ನಿಲ್ಲುತ್ತದೆ, ಅದರಿಂದ ಏನಾಯಿತು ಎಂದು ಕಣ್ಣಿಗೆ ಕಾಣುತ್ತದೆ. ರಂಗೋಲಿ ಒಲ್ಲದವರು ಇದೇ ಕ್ರಮವನ್ನು ಬೇರೆಡೆಗೂ ಒಯ್ಯಬಹುದು. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ಓಟವನ್ನು ಹಿಡಿದು, ದಿನವೂ ಪ್ರಾಸಾಕ್ಷರವನ್ನು ಮಾತ್ರ ಬದಲಿಸಿ ಒಂದು ಪದ್ಯ ಕಟ್ಟುವುದೂ ಇದೇ ಅಭ್ಯಾಸ. ಇಲ್ಲಿ ಎಳೆ ರಂಗೋಲಿಯನ್ನು, ಅಂದರೆ ಗೆರೆ ಚುಕ್ಕಿಗಳನ್ನು ಮುಟ್ಟದೆ ಅವುಗಳ ಸುತ್ತ ಬಳಸಿ ಸಾಗುವ ರಂಗೋಲಿಯನ್ನು, ಆರಿಸಿಕೊಂಡಿರುವುದಕ್ಕೆ ಕಾರಣವಿದೆ: ತಪ್ಪಿದರೆ ಅದು ತಾನೇ ತೋರಿಸಿಕೊಡುತ್ತದೆ.

ಹಂತ 1: ಸಾಮಗ್ರಿಯನ್ನು ಹಿಂದಿನ ರಾತ್ರಿಯೇ ಸಿದ್ಧಪಡಿಸಿ

ಮೊದಲ ತಿಂಗಳು ನೆಲದ ಮೇಲೆ ಬೇಡ, ಪುಸ್ತಕದಲ್ಲಿ ಸಾಕು. ಶಾಲೆಯ ಮಕ್ಕಳು ಲೆಕ್ಕ ಮಾಡುವ ಚೌಕದ ಪುಸ್ತಕ, ಒಂದು ಪೆನ್ಸಿಲ್, ಒಂದು ಬಣ್ಣದ ಪೆನ್ನು ತೆಗೆದುಕೊಳ್ಳಿ. ಎರಡು ಚೌಕಕ್ಕೊಂದು ಚುಕ್ಕಿಯಂತೆ ಇಟ್ಟರೆ ಎಳೆ ತಿರುಗಲು ಬೇಕಾದಷ್ಟು ಜಾಗ ಸಿಗುತ್ತದೆ.

ರಬ್ಬರ್ ಬೇಡ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಅಳಿಸಿದರೆ ತಪ್ಪು ಎಲ್ಲಾಯಿತು ಎಂಬ ಗುರುತೂ ಅಳಿಸಿಹೋಗುತ್ತದೆ. ತಪ್ಪಿದ ಜಾಗಕ್ಕೆ ಬಣ್ಣದ ಪೆನ್ನಿನಿಂದ ಒಂದು ಸುತ್ತು ಹಾಕಿ, ಪಕ್ಕದಲ್ಲೇ ಹೊಸದಾಗಿ ಚುಕ್ಕಿ ಇಡಿ.

ಒಂದು ವಾರಕ್ಕೆ ಬೇಕಾದ ಚುಕ್ಕಿಗಳನ್ನು ಭಾನುವಾರವೇ ಇಟ್ಟುಬಿಡಿ. ಪುಟ ತೆರೆದಾಗ ಚುಕ್ಕಿ ಕಾದಿರಬೇಕು. ಸಣ್ಣ ಕೆಲಸದಂತೆ ಕಾಣುತ್ತದೆ, ಆದರೆ ಅಭ್ಯಾಸ ಉಳಿಯುವುದೂ ಬೀಳುವುದೂ ಬಹಳ ಸಲ ಇಲ್ಲಿಯೇ.

ಹಂತ 2: ಸಮಯಕ್ಕೆ ಮೇಲ್ಮಿತಿ, ಕೆಲಸಕ್ಕೆ ಕೆಳಮಿತಿ

ದಿನಕ್ಕೆ 15 ನಿಮಿಷ. ಅದಕ್ಕಿಂತ ಹೆಚ್ಚು ಬೇಡ. ಉತ್ಸಾಹವಿದ್ದ ದಿನ ಒಂದೂವರೆ ಗಂಟೆ ಕುಳಿತರೆ ಮರುದಿನ ಅಷ್ಟೇ ಹೊತ್ತು ಬೇಕೆನಿಸುತ್ತದೆ, ಅಷ್ಟು ಹೊತ್ತು ಸಿಗುವುದಿಲ್ಲ, ಬಿಟ್ಟುಹೋಗುತ್ತದೆ.

ಈಗಾಗಲೇ ನಡೆಯುತ್ತಿರುವ ಯಾವುದಾದರೂ ಕೆಲಸಕ್ಕೆ ಇದನ್ನು ಅಂಟಿಸಿ. ಕಾಫಿ ಡಿಕಾಕ್ಷನ್ ಇಳಿಯುವ ಹೊತ್ತು, ಮಕ್ಕಳು ಶಾಲೆಗೆ ಹೊರಟ ಮೇಲೆ, ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲೆ, ಹೀಗೆ. ‘ಬಿಡುವಾದಾಗ’ ಎಂದುಕೊಂಡರೆ ಬಿಡುವು ಆಗುವುದೇ ಇಲ್ಲ.

ಜ್ವರ, ಪ್ರಯಾಣ, ಮನೆ ತುಂಬ ನೆಂಟರು ಇರುವ ದಿನಗಳಿಗೆ ಕೆಳಮಿತಿ ಬೇಕು. ಅದು 2 ಸಾಲು, ಸಾಲಿಗೆ 3 ಚುಕ್ಕಿ. ಮೂರು ನಿಮಿಷದ ಕೆಲಸ, ಬಸ್ ಟಿಕೆಟಿನ ಹಿಂಬದಿಯಲ್ಲೂ ಆಗುತ್ತದೆ.

ಹಂತ 3: ಮೊದಲ ವಾರ ಬರಿಯ ಹೆಣಿಗೆ

ಈ ವಾರ ಹೊಸದೇನನ್ನೂ ಕಟ್ಟಬೇಡಿ. ಸಾದಾ ಹೆಣಿಗೆ ಕೈಗೆ ಹತ್ತದೆ ಮುಂದಿನದು ಯಾವುದೂ ಆಗುವುದಿಲ್ಲ.

ಕ್ರಮ ಹೀಗೆ. ನೇರ ಚುಕ್ಕಿ ಇಡಿ, ಅಂದರೆ ಚುಕ್ಕಿಯ ಕೆಳಗೆ ಚುಕ್ಕಿ ಬರಬೇಕು. ಅಕ್ಕಪಕ್ಕದ ಎರಡೆರಡು ಚುಕ್ಕಿಗಳ ಸರಿನಡುವೆ ಒಂದು ಸಣ್ಣ ಕತ್ತರಿ ಗುರುತು (×) ಹಾಕಿ. ಅಡ್ಡಸಾಲಿನ ಜೋಡಿಗಳಿಗೂ ಕಂಬಸಾಲಿನ ಜೋಡಿಗಳಿಗೂ ಹಾಕಬೇಕು, ಒಂದನ್ನೂ ಬಿಡಬಾರದು. ಆಮೇಲೆ ಒಂದೊಂದೇ ಚುಕ್ಕಿಯನ್ನು ತೆಗೆದುಕೊಂಡು, ಅದರತ್ತ ಚಾಚಿರುವ ಕತ್ತರಿಯ ತುದಿಗಳನ್ನು ಪಕ್ಕಪಕ್ಕದವು ಸೇರುವಂತೆ ಬಾಗಿಸಿ ಕೂಡಿಸಿ. ಅಂಚಿನ ಚುಕ್ಕಿಗಳಲ್ಲಿ ಎಳೆ ಹೊರಬದಿಯಿಂದ ಸುತ್ತಿಕೊಂಡು ಬರುತ್ತದೆ. ಅಷ್ಟೇ, ಹೆಣಿಗೆ ತಯಾರು. ಅಭ್ಯಾಸವಾದವರು ಕತ್ತರಿ ಗುರುತಿಲ್ಲದೆ ಒಂದೇ ಓಟದಲ್ಲಿ ಎಳೆಯುತ್ತಾರೆ. ನಿಮಗೂ ಅದು ಬರುತ್ತದೆ, ಈ ವಾರ ಮಾತ್ರ ಬೇಡ.

ಇನ್ನು ಪರೀಕ್ಷೆ. ಯಾವುದಾದರೂ ಒಂದು ಜಾಗದಿಂದ ಬೆರಳಿಟ್ಟು ಎಳೆಯ ಮೇಲೆ ಸಾಗಿ. ಕತ್ತರಿ ಬಂದಲ್ಲಿ ತಿರುಗದೆ ನೇರ ದಾಟಬೇಕು. ಹೊರಟ ಜಾಗಕ್ಕೆ ಮರಳಿದಾಗ ಒಂದು ಎಳೆ ಮುಗಿಯಿತು. ಇನ್ನೂ ಮುಟ್ಟದ ಗೆರೆ ಉಳಿದಿದ್ದರೆ ಅದು ಎರಡನೆಯ ಎಳೆ. ಒಟ್ಟು ಎಷ್ಟು ಎಳೆ ಬರಬೇಕು ಎಂಬುದಕ್ಕೆ ಖಚಿತವಾದ ಲೆಕ್ಕವಿದೆ: ಸಾಲುಗಳ ಸಂಖ್ಯೆ ಮತ್ತು ಸಾಲಿನ ಚುಕ್ಕಿಗಳ ಸಂಖ್ಯೆ, ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ. ಶಾಲೆಯಲ್ಲಿ ಕಲಿತ ಮ.ಸಾ.ಅ. ಕೊನೆಗೂ ಅಂಗಳಕ್ಕೆ ಬಂತು!

ಏಳು ದಿನಕ್ಕೆ ಏಳು ಅಳತೆಗಳು ಇವು:

1. 2 ಸಾಲು, 3 ಚುಕ್ಕಿ: 1 ಎಳೆ
2. 3 ಸಾಲು, 3 ಚುಕ್ಕಿ: 3 ಎಳೆ
3. 3 ಸಾಲು, 4 ಚುಕ್ಕಿ: 1 ಎಳೆ
4. 4 ಸಾಲು, 4 ಚುಕ್ಕಿ: 4 ಎಳೆ
5. 3 ಸಾಲು, 5 ಚುಕ್ಕಿ: 1 ಎಳೆ
6. 4 ಸಾಲು, 6 ಚುಕ್ಕಿ: 2 ಎಳೆ
7. 5 ಸಾಲು, 5 ಚುಕ್ಕಿ: 5 ಎಳೆ

ನಿಮ್ಮ ಲೆಕ್ಕ ಹೊಂದದಿದ್ದರೆ ಎಲ್ಲೋ ಕತ್ತರಿ ಬಿಟ್ಟುಹೋಗಿದೆ, ಇಲ್ಲವೇ ಎದುರುಬದುರು ತುದಿಗಳನ್ನು ತಪ್ಪಾಗಿ ಕೂಡಿಸಿದ್ದೀರಿ. ಹೆಚ್ಚಾಗಿ ತಪ್ಪುವುದು ಮೂಲೆಯ ಚುಕ್ಕಿಗಳಲ್ಲಿ. ಮೂಲೆಯ ಚುಕ್ಕಿಗೆ ಎರಡೇ ಕತ್ತರಿ ತಾಗುತ್ತವೆ. ಒಳಬದಿಯ ಎರಡು ತುದಿ ಒಳಗೇ ಸೇರಬೇಕು, ಹೊರಬದಿಯ ಎರಡು ತುದಿ ಚುಕ್ಕಿಯನ್ನು ಬಳಸಿಕೊಂಡು ಬಂದು ಸೇರಬೇಕು.

ಹಂತ 4: ಮೂರು ಬಗೆಯ ನಡುಜಾಗ

ಈಗ ಸೃಷ್ಟಿಯ ಕೆಲಸ ಶುರು. ಎರಡು ಚುಕ್ಕಿಗಳ ನಡುವಿನ ಜಾಗದಲ್ಲಿ ಕತ್ತರಿಯೇ ಇರಬೇಕೆಂದಿಲ್ಲ. ಅಲ್ಲಿ ಮೂರು ಬಗೆ ಸಾಧ್ಯ. ಅನುಕೂಲಕ್ಕಾಗಿ ಇಲ್ಲಿ ಅವಕ್ಕೆ ಹೀಗೆ ಹೆಸರಿಟ್ಟುಕೊಳ್ಳೋಣ.

ಕತ್ತರಿ: ಎರಡು ಗೆರೆಗಳು ಒಂದನ್ನೊಂದು ದಾಟುತ್ತವೆ. ಸಾದಾ ಹೆಣಿಗೆಯಲ್ಲಿ ಎಲ್ಲ ಕಡೆ ಇರುವುದು ಇದೇ.

ತಡೆ: ಎರಡು ಗೆರೆಗಳು ದಾಟದೆ, ಬೆನ್ನಿಗೆ ಬೆನ್ನು ತಿರುಗಿಸಿ, ತಮ್ಮ ತಮ್ಮ ಚುಕ್ಕಿಯ ಕಡೆಗೇ ಬಾಗಿ ಹಿಂದಿರುಗುತ್ತವೆ. ಎರಡು ಚುಕ್ಕಿಗಳು ಬೇರೆಬೇರೆಯಾಗುತ್ತವೆ.

ಕೂಡು: ಒಂದು ಗೆರೆ ಎರಡೂ ಚುಕ್ಕಿಗಳ ಒಂದು ಬದಿಯಿಂದ, ಇನ್ನೊಂದು ಗೆರೆ ಮತ್ತೊಂದು ಬದಿಯಿಂದ ಸಾಗುತ್ತದೆ. ಎರಡು ಚುಕ್ಕಿಗಳೂ ಒಂದೇ ಕೋಣೆಯೊಳಗೆ ಬರುತ್ತವೆ.

ಎರಡು ದಿನ 3 ಸಾಲು 3 ಚುಕ್ಕಿಯ ಮೇಲೆ ಇದನ್ನು ಆಡಿ ನೋಡಿ. ಮೊದಲ ದಿನ ಕೆಳಸಾಲಿನ ಎಡಗಡೆಯ ಜೋಡಿಯ ನಡುವೆ ತಡೆ ಹಾಕಿ, ಉಳಿದದ್ದೆಲ್ಲ ಕತ್ತರಿ. ಮೂರು ಎಳೆ ಇದ್ದದ್ದು ಎರಡಾಗುತ್ತದೆ. ಎರಡನೆಯ ದಿನ ಅದೇ ಸಾಲಿನ ಬಲಗಡೆಯ ಜೋಡಿಗೂ ತಡೆ ಹಾಕಿ. ಎಲ್ಲವೂ ಸೇರಿ ಒಂದೇ ಎಳೆಯಾಗುತ್ತದೆ.

ಇದರ ಹಿಂದಿನ ನಿಯಮ ಸರಳ. ಬೇರೆಬೇರೆ ಎರಡು ಎಳೆಗಳು ದಾಟುವ ಜಾಗದಲ್ಲಿ ಕತ್ತರಿ ತೆಗೆದು ತಡೆಯನ್ನೋ ಕೂಡನ್ನೋ ಹಾಕಿದರೆ ಅವೆರಡೂ ಒಂದಾಗುತ್ತವೆ. ಒಂದೇ ಎಳೆ ತನ್ನನ್ನು ತಾನು ದಾಟುವ ಜಾಗದಲ್ಲಿ ಮಾತ್ರ ಫಲ ಬೇರೆ: ತಡೆ, ಕೂಡು ಇವೆರಡರಲ್ಲಿ ಒಂದು ಎಳೆಯನ್ನು ಎರಡಾಗಿ ಒಡೆಯುತ್ತದೆ, ಇನ್ನೊಂದು ಹಾಗೆಯೇ ಉಳಿಸುತ್ತದೆ. ಯಾವುದು ಒಡೆಯುತ್ತದೆ ಎಂಬುದನ್ನು ಎಳೆಯುವ ಮೊದಲು ಊಹಿಸಿ, ಎಳೆದು ನೋಡಿ. ಈ ಊಹೆಯೇ ಅಭ್ಯಾಸದ ಜೀವ. ಊಹೆ ಮಾಡದೆ ಹಾಕಿದ ರಂಗೋಲಿ ಎಷ್ಟೇ ಚೆನ್ನಾಗಿ ಬಂದರೂ ಅದರಿಂದ ಕಲಿಯುವುದು ಕಡಿಮೆ.

ಹಂತ 5: ಇಪ್ಪತ್ತೇಳು ದಿನ, ಒಂಬತ್ತೇ ಚುಕ್ಕಿ

ಒಂಬತ್ತು ಚುಕ್ಕಿಯ ಈ ಸಣ್ಣ ಚೌಕದಲ್ಲಿ ನಡುಜಾಗಗಳು 12. ಒಂದೊಂದಕ್ಕೂ ಮೂರು ಬಗೆಯಾದ್ದರಿಂದ ಒಟ್ಟು 5,31,441 ವಿನ್ಯಾಸಗಳಾಗುತ್ತವೆ. ಇಷ್ಟು ದೊಡ್ಡ ಆಯ್ಕೆ ಕೊಟ್ಟರೆ ಮತ್ತೆ ಅದೇ ಹುಡುಕಾಟ. ಆದ್ದರಿಂದ ಇನ್ನೊಂದು ಕಟ್ಟು ಹಾಕಿಕೊಳ್ಳಿ: ಪುಸ್ತಕವನ್ನು ಕಾಲು ಸುತ್ತು ತಿರುಗಿಸಿದರೂ ರಂಗೋಲಿ ಅದೇ ರೀತಿ ಕಾಣಬೇಕು.

ಆಗ 12 ಜಾಗಗಳು ನಾಲ್ಕು ನಾಲ್ಕರ ಮೂರು ಗುಂಪಾಗುತ್ತವೆ. ನಟ್ಟನಡುವಿನ ಚುಕ್ಕಿಗೆ ತಾಗಿದ ನಾಲ್ಕು ಜಾಗಗಳು ‘ಒಳಗುಂಪು’. ಕೆಳಗಿನ ಎಡಮೂಲೆಯಿಂದ ಹೊರಟು ಬಲಕ್ಕೆ, ಮೇಲಕ್ಕೆ, ಎಡಕ್ಕೆ, ಕೆಳಕ್ಕೆ ಎಂದು ಅಂಚಿನ ಮೇಲೆ ಸುತ್ತು ಬನ್ನಿ. ಪ್ರತಿ ಬದಿಯಲ್ಲಿ ಮೊದಲು ಸಿಗುವ ಜೋಡಿಯ ಜಾಗಗಳು ‘ಮೊದಲ ಗುಂಪು’, ಎರಡನೆಯದಾಗಿ ಸಿಗುವವು ‘ಎರಡನೆಯ ಗುಂಪು’. ಮೂರು ಗುಂಪು, ಗುಂಪಿಗೆ ಮೂರು ಬಗೆ, ಒಟ್ಟು 27 ರಂಗೋಲಿ. ಸುಮಾರು ಒಂದು ತಿಂಗಳ ಕೆಲಸ ಸಿದ್ಧವಾಯಿತು. ಇವುಗಳಲ್ಲಿ ಕೆಲವು ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬಗಳು. ಅವನ್ನು ಬಿಟ್ಟರೆ 18 ಉಳಿಯುತ್ತವೆ. ಆದರೂ ಬಿಡಬೇಡಿ. ಕೈ ಎಡಕ್ಕೆ ತಿರುಗುವುದೂ ಬಲಕ್ಕೆ ತಿರುಗುವುದೂ ಬೇರೆ ಬೇರೆ ಅಭ್ಯಾಸ.

ಪುಸ್ತಕದ ಕೊನೆಯ ಪುಟದಲ್ಲಿ 27 ಸಾಲುಗಳ ಪಟ್ಟಿ ಬರೆದಿಟ್ಟುಕೊಳ್ಳಿ: ಒಳಗುಂಪು, ಮೊದಲ ಗುಂಪು, ಎರಡನೆಯ ಗುಂಪು ಎಂಬ ಕ್ರಮದಲ್ಲಿ ‘ಕತ್ತರಿ-ತಡೆ-ಕತ್ತರಿ’, ‘ತಡೆ-ಕತ್ತರಿ-ಕೂಡು’ ಎಂಬಂತೆ. ದಿನಕ್ಕೊಂದು ಸಾಲು ಹೊಡೆದು ಹಾಕುತ್ತಾ ಹೋಗಿ.

ಮೊದಲ ದಿನಕ್ಕೆ ‘ಕತ್ತರಿ-ತಡೆ-ಕತ್ತರಿ’ ತೆಗೆದುಕೊಳ್ಳಿ. ತಡೆ ಬರುವುದು ಕೆಳಸಾಲಿನ ಎಡ ಜೋಡಿ, ಬಲಕಂಬದ ಕೆಳಗಿನ ಜೋಡಿ, ಮೇಲುಸಾಲಿನ ಬಲ ಜೋಡಿ, ಎಡಕಂಬದ ಮೇಲಿನ ಜೋಡಿಗಳಲ್ಲಿ. ಉಳಿದ ಎಂಟೂ ಕತ್ತರಿ. ಬೆರಳಿಟ್ಟು ಸಾಗಿದರೆ ಇಡೀ ರಂಗೋಲಿ ಒಂದೇ ಎಳೆ, ಗಾಳಿಚಕ್ರದಂತೆ ತಿರುಗುತ್ತದೆ. ಸಾದಾ ಹೆಣಿಗೆಯ ಮೂರು ಎಳೆ ನಾಲ್ಕು ತಡೆಗಳಿಂದ ಹೀಗಾಗಿರುವುದನ್ನು ಕಂಡಾಗ ಈ ಅಭ್ಯಾಸದ ರುಚಿ ಹತ್ತುತ್ತದೆ.

27ರಲ್ಲಿ ಕೆಲವು ಸಪ್ಪೆ. ಮೂರೂ ಗುಂಪಿನಲ್ಲಿ ತಡೆ ಹಾಕಿದರೆ ಒಂಬತ್ತು ಬಿಡಿ ಸುತ್ತುಗಳು ಉಳಿಯುತ್ತವೆ. ಅದನ್ನೂ ಹಾಕಿ. ಯಾವುದು ಚೆನ್ನಾಗಿಲ್ಲ, ಯಾಕೆ ಚೆನ್ನಾಗಿಲ್ಲ ಎಂದು ಹೇಳಲು ಬರುವವರಿಗೇ ಚೆನ್ನಾಗಿರುವುದನ್ನು ಕಟ್ಟಲು ಬರುವುದು.

ಪ್ರತಿ ರಂಗೋಲಿಯ ಕೆಳಗೆ ಮೂರು ವಿಷಯ ಬರೆಯಿರಿ: ದಿನಾಂಕ, ನಿಮ್ಮ ಊಹೆ, ನಿಜವಾಗಿ ಬಂದ ಎಳೆಗಳ ಸಂಖ್ಯೆ. ಜೊತೆಗೆ ಒಂದೇ ವಾಕ್ಯದ ಅಭಿಪ್ರಾಯ. ‘ಚೆನ್ನಾಗಿದೆ’ ಎಂದು ಬರೆಯಬೇಡಿ. ‘ನಡುವೆ ಖಾಲಿ ಅನಿಸುತ್ತದೆ’, ‘ಮೂಲೆಗಳು ಭಾರವಾಗಿವೆ’ ಎಂಬಂತೆ ಕಣ್ಣಿಗೆ ಕಂಡದ್ದನ್ನೇ ಬರೆಯಿರಿ.

ಹಂತ 6: ಪ್ರಶ್ನೆಯನ್ನು ನೀವೇ ಹಾಕಿಕೊಳ್ಳಿ

ಪಟ್ಟಿ ಮುಗಿದ ದಿನ ಅನೇಕರು ನಿಂತುಬಿಡುತ್ತಾರೆ. ಮುಂದೇನು ಎಂದು ಹೇಳುವವರಿಲ್ಲ. ಹಾಗಾಗಿ ಪಟ್ಟಿ ಮುಗಿಯಲು ಒಂದು ವಾರವಿರುವಾಗಲೇ ಮುಂದಿನ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು. ಇಲ್ಲಿಯವರೆಗೆ ನಿಯಮ ನನ್ನದು, ಇನ್ನು ನಿಮ್ಮದು.

ಪ್ರಶ್ನೆ ಹೇಗಿರಬೇಕೆಂದರೆ, ಒಂದು ದಿನದಲ್ಲಿ ಎಳೆದು ಉತ್ತರ ಕಾಣುವಂತಿರಬೇಕು. ‘ಸುಂದರವಾದದ್ದನ್ನು ಹಾಕಬೇಕು’ ಎಂಬುದು ಪ್ರಶ್ನೆಯೇ ಅಲ್ಲ. ಇವು ಪ್ರಶ್ನೆಗಳು: 4 ಸಾಲು 4 ಚುಕ್ಕಿಯ ನಾಲ್ಕು ಎಳೆಗಳನ್ನು ಮೂರೇ ಬದಲಾವಣೆಯಲ್ಲಿ ಒಂದು ಮಾಡಬಹುದೇ? ಎಲ್ಲಿಯೂ ಬಿಡಿ ಚುಕ್ಕಿ ಬಾರದಂತೆ ಅತಿ ಹೆಚ್ಚು ಎಳೆ ಬರುವುದು ಹೇಗೆ? ಎಡ ಅರ್ಧ ಬಲ ಅರ್ಧದ ಪ್ರತಿಬಿಂಬವಾಗಿ, ಮೇಲು ಕೆಳಗು ಮಾತ್ರ ಬೇರೆಯಾಗುವಂತೆ ಕಟ್ಟಿದರೆ ಅದು ಏನನ್ನು ಹೋಲುತ್ತದೆ? ಹಣತೆಯನ್ನೋ, ಮೀನನ್ನೋ? ನೆನಪಿನಲ್ಲಿರುವ ಅಜ್ಜಿಯ ರಂಗೋಲಿಯೊಂದನ್ನು ಈ ಮೂರು ಬಗೆಗಳಲ್ಲಿ ಬಿಡಿಸಿ ಬರೆಯಲು ಬರುತ್ತದೆಯೇ?

5 ಸಾಲು 5 ಚುಕ್ಕಿಗೆ ಬಂದರೆ 40 ನಡುಜಾಗಗಳು, ಕಾಲು ಸುತ್ತಿನ ನಿಯಮದಲ್ಲಿ 10 ಗುಂಪುಗಳು, 59,049 ರಂಗೋಲಿಗಳು. ಒಂದು ಆಯುಷ್ಯಕ್ಕೆ ಹೆಚ್ಚೇ ಆಯಿತು. ಅದರೊಳಗೆ ನಿಮ್ಮ ದಾರಿ ಹುಡುಕಲು ನಿಮ್ಮದೇ ಪ್ರಶ್ನೆ ಬೇಕು.

ಭಾನುವಾರ ಚುಕ್ಕಿ ಇಡುವ ಮೊದಲು ಆ ವಾರದ ಏಳನ್ನೂ ಒಟ್ಟಿಗೆ ನೋಡಿ. ಒಂದನ್ನು ಆರಿಸಿ, ಆರಿಸಿದ್ದಕ್ಕೆ ಕಾರಣ ಬರೆಯಿರಿ. ಮುಂದಿನ ವಾರದ ಪ್ರಶ್ನೆ ಸಾಮಾನ್ಯವಾಗಿ ಆ ಕಾರಣದೊಳಗೇ ಇರುತ್ತದೆ.

ಹಂತ 7: ಪುಸ್ತಕದಿಂದ ನೆಲಕ್ಕೆ

ವಾರಕ್ಕೆ ಒಂದು ದಿನ, ಆರಿಸಿದ ಆ ಒಂದನ್ನು ಮಾತ್ರ ನೆಲದ ಮೇಲೆ ಹಾಕಿ. ಗುಡಿಸಿ, ನೀರು ಚಿಮುಕಿಸಿ, ನೆಲ ಅರೆ ಆರುವ ತನಕ ಕಾಯಿರಿ. ತುಂಬ ಒದ್ದೆಯಿದ್ದರೆ ಪುಡಿ ಕರಗಿ ಹರಡುತ್ತದೆ, ಪೂರ್ತಿ ಒಣಗಿದ್ದರೆ ಹಿಡಿಯುವುದಿಲ್ಲ. ರಂಗೋಲಿ ಪುಡಿಯನ್ನು ಜರಡಿ ಹಿಡಿದಿರಬೇಕು, ಗಂಟು ಬಂದರೆ ಎಳೆ ತುಂಡಾಗುತ್ತದೆ. ಚುಕ್ಕಿಯಿಂದ ಚುಕ್ಕಿಗೆ ನಾಲ್ಕು ಬೆರಳ ಅಂತರ ಸಾಕು.

ಹೆಬ್ಬೆರಳು ಮತ್ತು ತೋರುಬೆರಳ ನಡುವಿನಿಂದ ಪುಡಿ ಸಮನಾಗಿ ಇಳಿಯಬೇಕು. ಬಾಗುವಲ್ಲಿ ಕೈ ನಿಧಾನವಾದರೆ ಗೆರೆ ದಪ್ಪವಾಗುತ್ತದೆ, ಆದ್ದರಿಂದ ಮಣಿಕಟ್ಟನ್ನು ತಿರುಗಿಸದೆ ಇಡೀ ತೋಳನ್ನು ಸಾಗಿಸಿ. ಮಂಡಿನೋವಿದ್ದವರು ಮಣೆಯ ಮೇಲೆ ಕುಳಿತು ಹಾಕಲಿ. ಅಪಾರ್ಟ್‌ಮೆಂಟಿನ ನುಣುಪು ಟೈಲ್ಸ್ ಮೇಲೆ ಪುಡಿ ಜಾರಿಸುತ್ತದೆ. ನಡೆದಾಡುವ ದಾರಿಯಲ್ಲಿ ಹಾಕಬೇಡಿ, ಒದ್ದೆ ಸೀಮೆಸುಣ್ಣ ಬಳಸಿ.

ಎಚ್ಚರಿಕೆಯ ಗುರುತುಗಳು

ಇವುಗಳಲ್ಲಿ ಯಾವುದಾದರೂ ಕಂಡರೆ ಅಂದೇ ಸರಿಪಡಿಸಿ.

ಚುಕ್ಕಿಗಳ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದೆ. ದೊಡ್ಡದಾದರೆ ಹೊಸದು ಎಂಬ ಭ್ರಮೆ ಇದು. ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಒಂಬತ್ತು ಚುಕ್ಕಿಗೆ ಬನ್ನಿ.

ಶುರು ಮಾಡುವ ಮೊದಲು ‘ಸುಮ್ಮನೆ ಒಮ್ಮೆ’ ಮೊಬೈಲ್ ನೋಡುತ್ತಿದ್ದೀರಿ. ಬೇರೆಯವರದನ್ನು ನೋಡುವುದು ತಪ್ಪಲ್ಲ, ನೋಡುವ ಹೊತ್ತು ಮಾತ್ರ ನಿಮ್ಮದನ್ನು ಎಳೆದ ಮೇಲೆ ಇರಲಿ. ಮೊದಲೇ ನೋಡಿದರೆ ಕೈ ಅದನ್ನೇ ಎಳೆಯುತ್ತದೆ.

ನಿಮ್ಮ ಊಹೆ ವಾರವಿಡೀ ಸರಿಯಾಗುತ್ತಿದೆ. ಸಂತೋಷ, ಆದರೆ ಪ್ರಶ್ನೆ ಸುಲಭವಾಗಿದೆ ಎಂದು ಅರ್ಥ. ವಾರವಿಡೀ ತಪ್ಪುತ್ತಿದ್ದರೆ ಒಂದೇ ಸಲ ಹಲವು ಜಾಗಗಳನ್ನು ಬದಲಿಸುತ್ತಿದ್ದೀರಿ.

ಅಭಿಪ್ರಾಯದ ವಾಕ್ಯವನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದೀರಿ. ಅಭ್ಯಾಸ ಯಾಂತ್ರಿಕವಾಗುತ್ತಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತಿಲ್ಲ.

ಚಿತ್ರ ತೆಗೆದು ಹಂಚಿಕೊಂಡು, ಮೆಚ್ಚುಗೆ ಎಷ್ಟು ಬಂತು ಎಂದು ಎಣಿಸುತ್ತಿದ್ದೀರಿ. ಮೆಚ್ಚುಗೆ ಸಿಕ್ಕ ಬಗೆಯನ್ನೇ ಮತ್ತೆ ಮತ್ತೆ ಹಾಕುವ ಆಸೆ ಬರುತ್ತದೆ, ಬದಲಾವಣೆ ಅಲ್ಲಿಗೆ ನಿಲ್ಲುತ್ತದೆ. ಕನಿಷ್ಠ ಆ 27 ಮುಗಿಯುವ ತನಕ ಮನೆಯವರಿಗೆ ಮಾತ್ರ ತೋರಿಸಿ.

ದಿನ ತಪ್ಪಿದಾಗ

ಒಂದು ದಿನ ತಪ್ಪಿದರೆ ಮರುದಿನ ಎರಡು ಹಾಕಬೇಡಿ. ಸಾಲ ತೀರಿಸುವ ಲೆಕ್ಕ ಶುರುವಾದರೆ ನಾಲ್ಕು ದಿನದ ಬಾಕಿ ಬೆಟ್ಟವಾಗಿ ಕಾಣುತ್ತದೆ, ಆಮೇಲೆ ಪುಸ್ತಕ ತೆರೆಯಲೂ ಮನಸ್ಸಾಗುವುದಿಲ್ಲ. ತಪ್ಪಿದ ದಿನದ ದಿನಾಂಕ ಬರೆದು ಆ ಚುಕ್ಕಿಗಳನ್ನು ಖಾಲಿ ಬಿಡಿ, ಪಟ್ಟಿಯ ಮುಂದಿನ ಸಾಲಿನಿಂದ ಮುಂದುವರಿಯಿರಿ.

ಸತತವಾಗಿ ಎರಡು ದಿನ ತಪ್ಪಿದರೆ ಮೂರನೆಯ ದಿನ 2 ಸಾಲು 3 ಚುಕ್ಕಿಯ ಕೆಳಮಿತಿಗೆ ಇಳಿಯಿರಿ. ವಾರದಲ್ಲಿ ಮೂರು ದಿನ ತಪ್ಪುತ್ತಿದ್ದರೆ ತೊಂದರೆ ನಿಮ್ಮ ಮನಸ್ಸಿನಲ್ಲಿಲ್ಲ, ಆರಿಸಿಕೊಂಡ ಹೊತ್ತಿನಲ್ಲಿದೆ. ಹೊತ್ತು ಬದಲಿಸಿ, ಉಳಿದದ್ದನ್ನು ಮುಟ್ಟಬೇಡಿ.

ಹಂತ 8: ಸಂದು ಚುಕ್ಕಿಗೆ ದಾಟುವುದು

ನೇರ ಚುಕ್ಕಿಯಲ್ಲಿ ನಿಮ್ಮ ಊಹೆಗಳು ಬಹುಮಟ್ಟಿಗೆ ಸರಿಬರತೊಡಗಿದಾಗ ಸಂದು ಚುಕ್ಕಿ ತೆಗೆದುಕೊಳ್ಳಿ. ಇಲ್ಲಿ ಮೇಲಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಕೆಳಗಿನ ಸಾಲಿನ ಚುಕ್ಕಿ ಬರುತ್ತದೆ, ಒಳಗಿನ ಚುಕ್ಕಿಗೆ ನಾಲ್ಕರ ಬದಲು ಆರು ನೆರೆಯ ಚುಕ್ಕಿಗಳು. ಪ್ರಸಿದ್ಧವಾದ 15ರಿಂದ 8ರ ಸಂದು ಚುಕ್ಕಿಗೆ (ನಡುಸಾಲಿಗೆ 15, ಮೇಲಕ್ಕೂ ಕೆಳಕ್ಕೂ ಸಾಲಿಗೊಂದು ಕಡಿಮೆಯಾಗುತ್ತಾ 8ರ ತನಕ) 169 ಚುಕ್ಕಿಗಳಾಗುತ್ತವೆ. ಅಲ್ಲಿಗೆ ಈಗಲೇ ಹಾರಬೇಡಿ.

3ರಿಂದ 2ರ ಸಂದು ಚುಕ್ಕಿ ಇಡಿ: 2, 3, 2, ಒಟ್ಟು 7. ನಡುಜಾಗಗಳು ಇಲ್ಲೂ 12. ಆರು ಬದಿಗೂ ಒಂದೇ ಬಗೆಯಿರಬೇಕು ಎಂದರೆ ಎರಡೇ ಗುಂಪು: ನಡುಚುಕ್ಕಿಯಿಂದ ಹೊರಡುವ ಆರು, ಅಂಚಿನ ಆರು. ಹಾಗಾಗಿ ಒಂಬತ್ತು ರಂಗೋಲಿಗಳು, ಒಂಬತ್ತು ದಿನ. ಅವು ಮುಗಿದ ಮೇಲೆ 5ರಿಂದ 3, ಆಮೇಲೆ 7ರಿಂದ 4, ಅಂದರೆ 37 ಚುಕ್ಕಿಗಳು. ಕತ್ತರಿ, ತಡೆ, ಕೂಡು ಮೂರೂ ಇಲ್ಲಿ ಹಾಗೆಯೇ ಕೆಲಸ ಮಾಡುತ್ತವೆ. ಬೆರಳಿಟ್ಟು ಎಳೆ ಎಣಿಸುವ ಪರೀಕ್ಷೆಯನ್ನೂ ಹಾಗೆಯೇ ಮಾಡಬಹುದು. ಮ.ಸಾ.ಅ. ಲೆಕ್ಕ ಮಾತ್ರ ನೇರ ಚುಕ್ಕಿಯ ಆಯತ, ಚೌಕಗಳಿಗಷ್ಟೇ ಸೇರಿದ್ದು, ಇಲ್ಲಿಗೆ ತರಬೇಡಿ. ಒಂದೊಂದು ಅಳತೆಯ ಸಾದಾ ಹೆಣಿಗೆಯಲ್ಲಿ ಎಷ್ಟು ಎಳೆ ಬರುತ್ತದೆ ಎಂಬುದನ್ನು ನೀವೇ ಎಳೆದು, ಎಣಿಸಿ, ಪುಸ್ತಕದ ಕೊನೆಯ ಪುಟದಲ್ಲಿ ಹೊಸ ಪಟ್ಟಿ ಮಾಡಿಕೊಳ್ಳಿ.